ಸುಂಕದವನ ಮುಂದೆ ಹದಿನೇಳರ ಮಕ್ಕಳು

ಕೇಂದ್ರ ಲೋಕಸೇವಾ ಆಯೋಗವು ನಡೆಸುವ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಗೆ ಅರ್ಜಿ ಸಲ್ಲಿಸುವ ಪದವೀಧರನು ತೆರಬೇಕಾದ ಶುಲ್ಕ 100 ರೂಪಾಯಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು, ಅಂಗವಿಕಲರು ಅದನ್ನೂ ತೆರಬೇಕಾಗಿಲ್ಲ. ನಾಳೆ ಜಿಲ್ಲಾಧಿಕಾರಿಯಾಗಬಹುದಾದವರ ಮುಂದೆ ಇಷ್ಟು ಅಗ್ಗವಾಗಿ ಬಾಗಿಲು ತೆರೆದಿಟ್ಟಿರುವ ಅದೇ ಗಣರಾಜ್ಯದಲ್ಲಿ, ವೈದ್ಯಕೀಯ ಕಾಲೇಜಿನ ಬಾಗಿಲು ತಟ್ಟಲು ಬಯಸುವ ಹದಿನೇಳು ವರ್ಷದ ಸಾಮಾನ್ಯ ವರ್ಗದ ಹುಡುಗಿ 2024ರಲ್ಲೂ 2025ರಲ್ಲೂ ತೆತ್ತದ್ದು 1,700 ರೂಪಾಯಿ. ಬ್ಯಾಂಕಿನ ಶುಲ್ಕವೂ ಜಿಎಸ್‌ಟಿಯೂ ಅದಕ್ಕೆ ಹೊರತು. ಮೊದಲನೆಯವರು ದುಡಿಯಬಲ್ಲ ವಯಸ್ಸಿನವರು. ಎರಡನೆಯವಳು ಕಾನೂನಿನ ದೃಷ್ಟಿಯಲ್ಲಿ ಇನ್ನೂ ಅಪ್ರಾಪ್ತಳು. ಶುಲ್ಕ ಮಾತ್ರ ತಿರುವುಮುರುವು.

ಈ ವ್ಯತ್ಯಾಸ ಆಕಸ್ಮಿಕವಲ್ಲ. ಲೋಕಸೇವಾ ಆಯೋಗದ ವೆಚ್ಚವನ್ನು ಭಾರತದ ಸಂಚಿತ ನಿಧಿಯಿಂದ ಭರಿಸಬೇಕೆಂದು ಸಂವಿಧಾನದ 322ನೆಯ ವಿಧಿ ಹೇಳುತ್ತದೆ. ನೀಟ್, ಜೆಇಇ ಮೇನ್, ಸಿಯುಇಟಿಗಳನ್ನು ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ, ಸಂಘಗಳ ನೋಂದಣಿ ಕಾಯಿದೆಯಡಿ ಸ್ಥಾಪನೆಯಾದ ಒಂದು ಸೊಸೈಟಿ. 2017ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಾಗ ಒಂದೇ ಬಾರಿಗೆ 25 ಕೋಟಿ ರೂಪಾಯಿ ಅನುದಾನ ನೀಡಿ, ಮುಂದೆ ಸಂಸ್ಥೆ ತನ್ನ ವೆಚ್ಚವನ್ನು ತಾನೇ ಭರಿಸಿಕೊಳ್ಳತಕ್ಕದ್ದೆಂದು ಗೊತ್ತುಪಡಿಸಿತು. ತನ್ನ ವೆಚ್ಚವನ್ನು ತಾನೇ ಭರಿಸಿಕೊಳ್ಳುವುದೆಂದರೆ ಇಲ್ಲಿ ಒಂದೇ ಅರ್ಥ: ಪರೀಕ್ಷೆ ಬರೆಯುವ ಮಕ್ಕಳಿಂದ ವಸೂಲು ಮಾಡುವುದು. ಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದು ಸರ್ಕಾರ. ಅದರ ಖರ್ಚು ವಿದ್ಯಾರ್ಥಿಯ ಮನೆಯದು. ಕಾಲೇಜು ಶುಲ್ಕದ ಬಗ್ಗೆ, ಕೋಚಿಂಗ್ ಸಂಸ್ಥೆಗಳ ಸುಲಿಗೆಯ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಅವೆರಡಕ್ಕೂ ಮೊದಲೇ, ಪ್ರವೇಶ ಸಿಗುವುದೋ ಇಲ್ಲವೋ ಎಂಬುದು ತಿಳಿಯುವ ಮುನ್ನವೇ, ಕೇವಲ ಕೇಳುವ ಹಕ್ಕಿಗಾಗಿ ತೆರಬೇಕಾದ ಈ ಸುಂಕದ ಬಗ್ಗೆ ಮಾತು ಅಪರೂಪ. ಒಂದೂವರೆ ಸಾವಿರ, ಎರಡು ಸಾವಿರ ಎಂಬ ಬಿಡಿ ಮೊತ್ತ ಚರ್ಚೆಗೆ ತೀರ ಚಿಕ್ಕದೆನ್ನಿಸುವುದೇ ಅದಕ್ಕೆ ಕಾರಣವಿರಬೇಕು.

ಆದರೆ ಅದು ಬಿಡಿಯಾಗಿ ಬರುವುದಿಲ್ಲ. ಎಂಜಿನಿಯರಿಂಗ್ ಬಯಸುವ ಸಾಮಾನ್ಯ ವರ್ಗದ ಹುಡುಗನೊಬ್ಬನ ಲೆಕ್ಕವನ್ನು ನೋಡಬಹುದು. ಜೆಇಇ ಮೇನ್ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಪ್ರತಿ ಬಾರಿಗೆ 1,000 ರೂಪಾಯಿ. ಅದರಲ್ಲಿ ಅರ್ಹತೆ ಪಡೆದರೆ ಜೆಇಇ ಅಡ್ವಾನ್ಸ್‌ಡ್, ಅದಕ್ಕೆ 3,200. ಐಐಟಿ ಸಿಗದಿದ್ದರೆ ಎಂಬ ಭಯಕ್ಕೆ ಕೇಂದ್ರೀಯ ವಿಶ್ವವಿದ್ಯಾಲಯದ ವಿಜ್ಞಾನ ಪದವಿ ಕೈಯಲ್ಲಿರಲೆಂದು ಸಿಯುಇಟಿ: 2024ರ ದರದಂತೆ ಮೂರು ವಿಷಯಗಳಿಗೆ 1,000, ಅನಂತರದ ಪ್ರತಿ ವಿಷಯಕ್ಕೆ 400, ಐದು ವಿಷಯಗಳಾದರೆ 1,800. ಇಲ್ಲಿಗೆ 7,000 ರೂಪಾಯಿ ಆಯಿತು. ವಾಸವಿರುವ ರಾಜ್ಯದ ಸಿಇಟಿ, ಖಾಸಗಿ ವಿಶ್ವವಿದ್ಯಾಲಯಗಳ ಪ್ರತ್ಯೇಕ ಪರೀಕ್ಷೆಗಳು ಇನ್ನೂ ಲೆಕ್ಕಕ್ಕೆ ಸೇರಿಲ್ಲ. ಕಾನೂನು ಓದಬೇಕೆನ್ನುವ ತಂಗಿಯೊಬ್ಬಳಿದ್ದರೆ ಸಿಎಲ್‌ಎಟಿ ಒಂದಕ್ಕೇ 4,000. ದೆಹಲಿ ವಿಶ್ವವಿದ್ಯಾಲಯವಂತೂ ಸಿಯುಇಟಿ ಬರೆದು ಬಂದವರಿಂದ ಸೀಟು ಹಂಚಿಕೆಯ ನೋಂದಣಿಗೆಂದು ಮತ್ತೆ 250 ರೂಪಾಯಿ ಕೇಳುತ್ತದೆ. ನೀಟ್ ಮುಗಿಸಿ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟಿಗೆ ಕೌನ್ಸೆಲಿಂಗ್ ಪಟ್ಟಿಯಲ್ಲಿ ಹೆಸರು ಸೇರಿಸಬೇಕಾದರೆ 5,000 ರೂಪಾಯಿ ನೋಂದಣಿ ಶುಲ್ಕ, ಮೇಲೆ 2 ಲಕ್ಷ ರೂಪಾಯಿ ಠೇವಣಿ. ನಿಯಮ ಮೀರದಿದ್ದರೆ ಠೇವಣಿ ಮರಳುತ್ತದೆ, ನಿಜ. ಕೆಲವೇ ದಿನಗಳಲ್ಲಿ ಅದನ್ನು ಹೊಂದಿಸುವುದು ಯಾರಿಂದ ಸಾಧ್ಯ ಎಂಬುದೇ ಪ್ರಶ್ನೆ.

ದರ ಏರಿದ ವೇಗವೂ ಗಮನಾರ್ಹ. ಸಿಯುಇಟಿ ಪ್ರಾರಂಭವಾದ 2022ರಲ್ಲಿ ಸಾಮಾನ್ಯ ವರ್ಗದ ಶುಲ್ಕ 650 ರೂಪಾಯಿ ಇತ್ತು. ನೀಟ್ 2021ರಲ್ಲಿ 1,500 ಇದ್ದದ್ದು ಎರಡೇ ವರ್ಷಗಳಲ್ಲಿ 1,700 ಆಯಿತು. ಜೆಇಇ ಮೇನ್‌ನಲ್ಲಿ 2022ರವರೆಗೆ ಹುಡುಗರಿಗೆ 650, ಹುಡುಗಿಯರಿಗೆ ಅದರ ಅರ್ಧ, 325 ಇತ್ತು. 2023ರಲ್ಲಿ ಹುಡುಗರ ಶುಲ್ಕ 1,000ಕ್ಕೆ ಏರಿದಾಗ ಹುಡುಗಿಯರದು 800ಕ್ಕೆ ಏರಿತು. ಅರ್ಧ ಶುಲ್ಕವೆಂಬ ರಿಯಾಯಿತಿ ಸದ್ದಿಲ್ಲದೆ ಐದನೆಯ ಒಂದು ಭಾಗಕ್ಕೆ ಇಳಿಯಿತು. ತಾಂತ್ರಿಕ ಶಿಕ್ಷಣಕ್ಕೆ ಹೆಣ್ಣುಮಕ್ಕಳು ಬರಬೇಕೆಂದು ಐಐಟಿಗಳಲ್ಲಿ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿದ ಸರ್ಕಾರವೇ ಆ ದಾರಿಯ ಮೊದಲ ಮೆಟ್ಟಿಲಿನಲ್ಲಿ ಅವರ ಶುಲ್ಕವನ್ನು ಒಮ್ಮೆಗೇ ಎರಡೂವರೆ ಪಟ್ಟು ಮಾಡಿತು. ನೀಟ್‌ನಲ್ಲಿ ಹುಡುಗಿಯರಿಗೆ ಪ್ರತ್ಯೇಕ ರಿಯಾಯಿತಿಯೇ ಇಲ್ಲ. ದೂರದ ಕೇಂದ್ರಕ್ಕೆ ಹುಡುಗಿಯೊಬ್ಬಳನ್ನು ಕಳುಹಿಸುವ ಮನೆಯವರು ಎರಡು ಟಿಕೆಟ್ ತೆಗೆಯುತ್ತಾರೆಂಬುದು ಯಾವ ಮಾಹಿತಿ ಪುಸ್ತಿಕೆಯಲ್ಲೂ ಇಲ್ಲದ, ಎಲ್ಲ ತಾಯಂದಿರಿಗೂ ತಿಳಿದಿರುವ ಲೆಕ್ಕ.

ಇಷ್ಟಾದರೂ ಇದನ್ನು ಬರಿಯ ಖರ್ಚಿನ ಪ್ರಶ್ನೆಯೆಂದು ಬಗೆಯುವುದು ತಪ್ಪಾದೀತು. ಜೆಇಇ ಮೇನ್ ಎರಡು ಬಾರಿ ಬರೆದವರ ಅಂಕಗಳಲ್ಲಿ ಉತ್ತಮವಾದದ್ದನ್ನು ಪರಿಗಣಿಸಿ ರ‍್ಯಾಂಕ್ ನೀಡಲಾಗುತ್ತದೆ. ಮೊದಲ ಬಾರಿಗೆ ಜ್ವರ ಬಂದಿತ್ತು, ಕೈ ನಡುಗಿತು, ಸಮಯ ಸಾಲಲಿಲ್ಲ ಎಂಬವರಿಗೆ ಎರಡನೆಯ ಅವಕಾಶವೊಂದಿರುವುದು ಒಳ್ಳೆಯದೇ. ಆದರೆ ಆ ಅವಕಾಶಕ್ಕೆ ಇನ್ನೊಂದು ಸಾವಿರದ ಬೆಲೆಯಿದೆ. ಎರಡು ಬಾರಿ ಬರೆಯಬಲ್ಲವನ ಉತ್ತಮ ಅಂಕವನ್ನು ಒಂದೇ ಬಾರಿ ಬರೆಯಲು ಸಾಧ್ಯವಾದವನ ಏಕೈಕ ಅಂಕದೊಂದಿಗೆ ಹೋಲಿಸಿ, ಬಂದ ಪಟ್ಟಿಯನ್ನು ಪ್ರತಿಭೆಯ ಪಟ್ಟಿ ಎನ್ನಲಾಗುತ್ತಿದೆ. ಹಣ ಇಲ್ಲಿ ನೇರವಾಗಿ ಅಂಕವಾಗಿ ಮಾರ್ಪಡುತ್ತದೆ. ಕೋಚಿಂಗ್‌ನಿಂದ ಬರುವ ಅಸಮತೆಯನ್ನು ಮಾರುಕಟ್ಟೆಯ ಕೃತ್ಯವೆಂದು ಹೇಳಿ ಸರ್ಕಾರ ಕೈತೊಳೆದುಕೊಳ್ಳಬಹುದು. ಈ ಅಸಮತೆಯನ್ನು ಮಾತ್ರ ಪರೀಕ್ಷೆಯ ನಿಯಮವೇ ನಿರ್ಮಿಸಿದೆ.

ತಪ್ಪು ತಿದ್ದುವುದಕ್ಕೂ ಬೆಲೆ ಇದೆ. ಎನ್‌ಟಿಎ ಪ್ರಕಟಿಸುವ ತಾತ್ಕಾಲಿಕ ಉತ್ತರಸೂಚಿಯಲ್ಲಿ ದೋಷ ಕಂಡ ವಿದ್ಯಾರ್ಥಿ ಅದನ್ನು ಪ್ರಶ್ನಿಸಬೇಕಾದರೆ ಪ್ರತಿ ಪ್ರಶ್ನೆಗೆ 200 ರೂಪಾಯಿ ಕಟ್ಟಬೇಕು. ಆಕ್ಷೇಪಣೆ ಸರಿಯಿದ್ದರೂ ಆ ಹಣ ಮರಳದು. ಮೇಷ್ಟ್ರ ಲೆಕ್ಕದ ತಪ್ಪನ್ನು ತೋರಿಸಿಕೊಟ್ಟ ಹುಡುಗನಿಗೆ ದಂಡ ಹಾಕುವ ಪದ್ಧತಿ ಹಳೆಯ ಕೂಲಿಮಠಗಳಲ್ಲಿಯೂ ಇದ್ದಿರಲಾರದು. ಪರೀಕ್ಷಕರು ತಪ್ಪು ಮಾಡುವುದೇ ಇಲ್ಲವೇ ಎಂದರೆ, 2024ರ ನೀಟ್ ಭೌತಶಾಸ್ತ್ರದ ಒಂದೇ ಪ್ರಶ್ನೆಯ ಸರಿಯುತ್ತರ ಯಾವುದೆಂದು ನಿರ್ಧರಿಸಲು ಸರ್ವೋಚ್ಚ ನ್ಯಾಯಾಲಯವೇ ದೆಹಲಿ ಐಐಟಿಯ ತಜ್ಞರನ್ನು ಕೇಳಬೇಕಾಯಿತು. ಅದೇ ವರ್ಷ 1,563 ಅಭ್ಯರ್ಥಿಗಳಿಗೆ ಕೊಟ್ಟ ಕೃಪಾಂಕಗಳನ್ನು ಹಿಂತೆಗೆದುಕೊಂಡು ಮರುಪರೀಕ್ಷೆ ನಡೆಸಲಾಯಿತು. ಜೂನ್ 18ರಂದು ನಡೆದ ಯುಜಿಸಿ ನೆಟ್ ಪರೀಕ್ಷೆಯನ್ನು ಮರುದಿನವೇ ರದ್ದುಪಡಿಸಲಾಯಿತು. ಊರೂರುಗಳಿಂದ ಬಸ್ಸು ರೈಲು ಹಿಡಿದು ಬಂದಿದ್ದವರ ಪ್ರಯಾಣದ ಖರ್ಚು ಯಾವ ಖಾತೆಗೆ ಜಮೆಯಾಯಿತೆಂದು ಕೇಳಿದವರಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಇಂಥ ಸಂದರ್ಭಕ್ಕಾಗಿಯೇ ಹುಟ್ಟಿರಬೇಕು.

ಶುಲ್ಕವನ್ನು ಸಮರ್ಥಿಸುವವರ ವಾದಕ್ಕೂ ಕಿವಿಗೊಡಬೇಕು. ಲಕ್ಷಾಂತರ ಪ್ರಶ್ನೆಪತ್ರಿಕೆಗಳ ಮುದ್ರಣ, ಸಾಗಣೆ, ಕಾವಲು, ಕಂಪ್ಯೂಟರ್ ಕೇಂದ್ರಗಳ ಬಾಡಿಗೆ, ಸಿಸಿ ಕ್ಯಾಮೆರಾ, ಜ್ಯಾಮರ್ – ಇವು ಪುಕ್ಕಟೆಯಾಗಿ ಬರುವುದಿಲ್ಲ. ನಿಜವೇ. ಆದರೆ ಸಂಸತ್ತಿಗೆ ಸರ್ಕಾರವೇ ನೀಡಿದ ಲೆಕ್ಕದಂತೆ ಎನ್‌ಟಿಎ ಆರು ವರ್ಷಗಳಲ್ಲಿ ಸಂಗ್ರಹಿಸಿದ್ದು ಸುಮಾರು 3,512 ಕೋಟಿ ರೂಪಾಯಿ, ಖರ್ಚು ಮಾಡಿದ್ದು ಸುಮಾರು 3,064 ಕೋಟಿ. ಉಳಿದದ್ದು 448 ಕೋಟಿ. ವಸೂಲಾದ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು ಹದಿಮೂರು ರೂಪಾಯಿ ಪರೀಕ್ಷೆಗೆ ಬೇಕಾಗಿಯೇ ಇರಲಿಲ್ಲ. ಇದನ್ನು ಲೂಟಿ ಎನ್ನುವುದು ಅತಿರೇಕವಾದೀತು; ಲಾಭದ ಉದ್ದೇಶವಿಲ್ಲದ ಸಂಸ್ಥೆಯ ಬೊಕ್ಕಸದಲ್ಲಿ ಆಪತ್ಕಾಲಕ್ಕೆಂದು ಒಂದಿಷ್ಟು ಹಣ ಇರುವುದು ಅಪರಾಧವಲ್ಲ. ಆದರೆ ಆ ಹಣ ಯಾರದು ಎಂಬುದನ್ನು ನೆನೆಯಬೇಕು. 2024ರ ನೀಟ್‌ಗೆ 24 ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕೆ ತುಸು ಹೆಚ್ಚು. ಸೀಟು ಪಡೆದವರನ್ನು ಆರಿಸುವ ಖರ್ಚಿನ ಬಹುಪಾಲನ್ನು ಭರಿಸಿದವರು ಸೀಟು ಸಿಗದವರು. ಸೋತವರಿಂದ ಶುಲ್ಕ ಪಡೆದು ಗೆದ್ದವರನ್ನು ಗುರುತಿಸುವ ವ್ಯವಸ್ಥೆಯಲ್ಲಿ ಉಳಿತಾಯವೂ ಆಯಿತೆಂದರೆ, ಅದರ ಮೇಲೆ ಮೊದಲ ಹಕ್ಕು ಮುಂದಿನ ವರ್ಷದ ಬಡ ಅಭ್ಯರ್ಥಿಯದು.

ರಿಯಾಯಿತಿಗಳಿವೆಯಲ್ಲ ಎನ್ನಬಹುದು. ಪರಿಶಿಷ್ಟರಿಗೂ ಅಂಗವಿಕಲರಿಗೂ ನೀಟ್ ಶುಲ್ಕ 1,000 ರೂಪಾಯಿ. ಕಡಿಮೆಯೇನಲ್ಲ, ಆದರೂ ರಿಯಾಯಿತಿ. ಆರ್ಥಿಕವಾಗಿ ದುರ್ಬಲ ವರ್ಗದವರೆಂದು, ಅಂದರೆ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆಯಿರುವ ಸಾಮಾನ್ಯ ವರ್ಗದವರೆಂದು ಪ್ರಮಾಣಪತ್ರ ತಂದವರಿಗೆ ಸಿಗುವ ವಿನಾಯಿತಿಯಾದರೋ ನೂರು ರೂಪಾಯಿ: 1,700ರ ಬದಲು 1,600. ಆ ಪ್ರಮಾಣಪತ್ರಕ್ಕಾಗಿ ತಹಸೀಲ್ದಾರರ ಕಚೇರಿಗೆ ಎರಡು ಸಲ ಅಲೆದು ಕಳೆದುಕೊಂಡ ಕೂಲಿ ಅದಕ್ಕಿಂತ ಹೆಚ್ಚು. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶುಲ್ಕಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಜೈನರನ್ನು 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದಾಗ ಅನೇಕ ಪಾಲಕರು ಮಕ್ಕಳ ಓದಿಗೆ ನೆರವಾದೀತೆಂದು ಆಶಿಸಿದ್ದರು. ಪ್ರವೇಶ ಪರೀಕ್ಷೆಗಳಿಗೆ ಉಚಿತ ತರಬೇತಿ ನೀಡುತ್ತಿದ್ದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದ ‘ನಯಾ ಸವೇರಾ’ ಯೋಜನೆಯೂ ಈಗ ನಿಂತುಹೋಗಿದೆ. ಜೈನರೆಂದರೆ ವರ್ತಕರು, ವರ್ತಕರೆಂದರೆ ಸಿರಿವಂತರು ಎಂಬ ಸಿದ್ಧಸೂತ್ರವು ಬಸದಿಯ ಪುರೋಹಿತನ ಮಗನನ್ನು, ಅಂಗಡಿಯ ಗುಮಾಸ್ತನ ಮಗಳನ್ನು, ಸಾಂಗ್ಲಿ ಬೆಳಗಾವಿ ಕಡೆಯ ತುಂಡು ಹಿಡುವಳಿಯ ರೈತನ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಮುದಾಯದ ಒಳಗಿನವರೂ ಅವರನ್ನು ಎಷ್ಟೋ ಸಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂಬುದು ಬೇರೆ ಮಾತು.

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಸುಂಕದ ಮೇಲೆ ಇನ್ನೊಂದು ಮೇಲ್ಸುಂಕವಿದೆ. ನೀಟ್ ಪ್ರಶ್ನೆಪತ್ರಿಕೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಲಭ್ಯವೆಂದು ಹೆಮ್ಮೆಯಿಂದ ಸಾರಲಾಗುತ್ತದೆ. ಆದರೆ ಇಂಗ್ಲಿಷ್, ಹಿಂದಿ, ಉರ್ದು ಪತ್ರಿಕೆಗಳು ದೇಶದ ಎಲ್ಲ ಕೇಂದ್ರಗಳಲ್ಲಿ ಸಿಗುವಂತೆ ಕನ್ನಡದ್ದು ಸಿಗದು. ಅದು ಕರ್ನಾಟಕದ ಕೇಂದ್ರಗಳಿಗೆ ಸೀಮಿತ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳಲ್ಲಿ ಕನ್ನಡ ಶಾಲೆಯಲ್ಲಿ ಓದಿದ ಮಗು ತನ್ನ ಭಾಷೆಯಲ್ಲಿ ಪ್ರಶ್ನೆ ಓದಬೇಕೆಂದರೆ ಗಡಿ ದಾಟಬೇಕು. ಕರ್ನಾಟಕದ ಸಿಇಟಿಯ ಕಥೆಯೂ ಅಂಥದೇ. ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಮಕ್ಕಳಿಗೆ ಸರ್ಕಾರಿ ಸೀಟುಗಳಲ್ಲಿ ಅರ್ಹತೆ ಕಲ್ಪಿಸಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮ ಸ್ವಾಗತಾರ್ಹ. ಅನೇಕರಿಗೆ ಅದು ಇದೆಯೆಂಬುದೇ ತಿಳಿದಿಲ್ಲ. ಆದರೆ ಮುಂಬಯಿ, ಪುಣೆ, ಹೈದರಾಬಾದಿನ ವಿದ್ಯಾರ್ಥಿ ಸಿಇಟಿಗಾಗಿ ಕರ್ನಾಟಕಕ್ಕೇ ಬರಬೇಕು, ಅದರ ಜೊತೆಗೆ ಮತ್ತೊಂದು ದಿನ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ಮಗು, ಜೊತೆಗೊಬ್ಬ ಹಿರಿಯರು, ಹೋಗಿಬರುವ ಟಿಕೆಟ್, ಮೂರು ನಾಲ್ಕು ದಿನದ ವಸತಿ – ಅರ್ಜಿ ಶುಲ್ಕ ಕೆಲವು ನೂರು ರೂಪಾಯಿ ಇದ್ದರೂ ಖರ್ಚು ಹತ್ತು ಸಾವಿರ ಮುಟ್ಟಲು ಕಷ್ಟವೇನಿಲ್ಲ. ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಿದ್ದವರು ಪುಣ್ಯವಂತರು. ಮುಂಬಯಿ, ಪುಣೆಗಳಲ್ಲಿ ಒಂದೊಂದು ಕೇಂದ್ರ ತೆರೆಯುವುದು ಪ್ರಾಧಿಕಾರಕ್ಕೆ ಅಸಾಧ್ಯವಾದ ಕೆಲಸವಲ್ಲ. ಹೊರನಾಡ ಕನ್ನಡ ಸಂಘಗಳು ಸಮ್ಮೇಳನಗಳ ನಿರ್ಣಯಗಳಲ್ಲಿ ಇದನ್ನೊಂದು ಸಾಲಾಗಿ ಸೇರಿಸಿದರೆ ಸಾಲದು, ಬೆನ್ನುಹತ್ತಬೇಕು.

ಪರೀಕ್ಷಾ ಕೇಂದ್ರದ ದೂರವೇ ರಾಜಕೀಯ ಪ್ರಶ್ನೆಯಾದದ್ದನ್ನು ಚೆನ್ನೈಯ ಓದುಗರು ಮರೆತಿರಲಾರರು. 2018ರಲ್ಲಿ ತಮಿಳುನಾಡಿನ ಹಲವು ವಿದ್ಯಾರ್ಥಿಗಳಿಗೆ ನೀಟ್ ಕೇಂದ್ರಗಳನ್ನು ಕೇರಳದಲ್ಲಿ, ರಾಜಸ್ಥಾನದಲ್ಲಿ ನೀಡಲಾಗಿತ್ತು. ಕೂಗೆದ್ದ ಮೇಲೆ ರಾಜ್ಯ ಸರ್ಕಾರ ಅಂಥವರಿಗೆ ರೈಲಿನ ಎರಡನೆಯ ದರ್ಜೆಯ ಪ್ರಯಾಣದರವನ್ನೂ 1,000 ರೂಪಾಯಿಯನ್ನೂ ಘೋಷಿಸಿತು. ಅದೇ ರಾಜ್ಯ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನು 2007ರಿಂದಲೇ ಕೈಬಿಟ್ಟು ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ ಪ್ರವೇಶ ನೀಡುತ್ತಿದೆ. ಹಾಗೆಂದು ಅಲ್ಲಿ ಎಂಜಿನಿಯರುಗಳು ಕಳಪೆಯಾದರೆಂದು ಉದ್ಯಮಗಳು ದೂರಿಲ್ಲ. ನೀಟ್ ವಿರುದ್ಧ ಕರ್ನಾಟಕದ ವಿಧಾನಮಂಡಲವೂ 2024ರ ಜುಲೈನಲ್ಲಿ ನಿರ್ಣಯ ಅಂಗೀಕರಿಸಿತು. ಆದರೆ ಪರೀಕ್ಷೆಯನ್ನೇ ರದ್ದುಪಡಿಸುವುದು ಪರಿಹಾರವೆಂದು ಅವಸರದಲ್ಲಿ ತೀರ್ಮಾನಿಸಬಾರದು. ನೀಟ್ ಬರುವ ಮುನ್ನ ವೈದ್ಯಕೀಯ ಸೀಟಿಗಾಗಿ ರಾಜ್ಯ ರಾಜ್ಯಗಳ, ಖಾಸಗಿ ಕಾಲೇಜು ಕೂಟಗಳ ಬೇರೆ ಬೇರೆ ಪರೀಕ್ಷೆಗಳಿಗೆ ಊರೂರು ಸುತ್ತಿದವರು, ಕ್ಯಾಪಿಟೇಷನ್ ಹಣದ ಮಾತುಕತೆಗೆ ಸೂಟ್‌ಕೇಸು ಹಿಡಿದವರು ಇನ್ನೂ ಇದ್ದಾರೆ. ಆ ಮಟ್ಟಿಗೆ ಒಂದೇ ಪರೀಕ್ಷೆ ಮೇಲು. ಎಂಜಿನಿಯರಿಂಗಿನಲ್ಲಿಯೂ ಪದವಿ ಕಾಲೇಜುಗಳಲ್ಲಿಯೂ ಆ ಭರವಸೆ ಈಡೇರಲೇ ಇಲ್ಲ: ಒಂದು ಪರೀಕ್ಷೆ ಹತ್ತನ್ನು ತೆಗೆದುಹಾಕುವ ಬದಲು ಹನ್ನೊಂದನೆಯದಾಗಿ ಬಂದು ಕೂತಿದೆ. ವಿದ್ಯಾರ್ಥಿ ಐದಾರು ಅರ್ಜಿ ತುಂಬುವುದು ದುರಾಸೆಯಿಂದಲ್ಲ. ಯಾವ ಒಂದರ ಮೇಲೂ ಭರವಸೆಯಿಲ್ಲದ್ದರಿಂದ.

ಆದ್ದರಿಂದ ಕೇಳಬೇಕಾದದ್ದು ಸ್ಪಷ್ಟ. ಸರ್ಕಾರ ಕಡ್ಡಾಯಗೊಳಿಸಿದ ಪರೀಕ್ಷೆಯನ್ನು ಪ್ರತಿ ವಿದ್ಯಾರ್ಥಿಯೂ ಮೊದಲ ಬಾರಿಗೆ ಬರೆಯುವಾಗ ಶುಲ್ಕವಿರಕೂಡದು. ಅದರ ವೆಚ್ಚ ಬಜೆಟ್ಟಿನಿಂದ ಬರಬೇಕು. ಅರ್ಜಿ ಹಾಕಿ ಪರೀಕ್ಷೆಗೆ ಬಾರದವರ ಸಂಖ್ಯೆ ಹೆಚ್ಚೀತೆಂಬ ಭಯಕ್ಕೆ ಉತ್ತರವನ್ನು ರೈಲ್ವೆ ಇಲಾಖೆ ಈಗಾಗಲೇ ಕಂಡುಕೊಂಡಿದೆ: ಅದರ ನೇಮಕಾತಿ ಪರೀಕ್ಷೆಗೆ 500 ರೂಪಾಯಿ ಕಟ್ಟಿದವರು ಹಾಜರಾದರೆ 400 ರೂಪಾಯಿ ಮರಳುತ್ತದೆ, 250ರ ರಿಯಾಯಿತಿ ವರ್ಗದವರಿಗೆ ಪೂರ್ಣ ಹಣವೇ ಮರಳುತ್ತದೆ. ಗುಮಾಸ್ತನ ಹುದ್ದೆಗೆ ಆಗುವುದು ವೈದ್ಯನ ಸೀಟಿಗೆ ಆಗದೇಕೆ? ಉತ್ತರಸೂಚಿಯ ಆಕ್ಷೇಪಣೆ ಎತ್ತಿಹಿಡಿಯಲ್ಪಟ್ಟರೆ 200 ರೂಪಾಯಿ ಹಿಂದಿರುಗಿಸುವುದು ಕನಿಷ್ಠ ಸೌಜನ್ಯ. ಯಾವ ಪರೀಕ್ಷೆಯಿಂದ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಲೆಕ್ಕವನ್ನು ಎನ್‌ಟಿಎ ಪರೀಕ್ಷೆವಾರು ಪ್ರತಿವರ್ಷ ಪ್ರಕಟಿಸಬೇಕು. ಸಂಸತ್ತಿನಲ್ಲಿ ಯಾರೋ ಪ್ರಶ್ನೆ ಕೇಳಿದಾಗಷ್ಟೇ ಅಲ್ಲ.

ಸರ್ಕಾರ ಕೇಳಿಸಿಕೊಳ್ಳುವವರೆಗೆ ಸಮಾಜ ಕೈಕಟ್ಟಿ ಕೂರಬೇಕಾಗಿಲ್ಲ. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಹಿರಿಯರು ವಿದ್ಯಾರ್ಥಿಗೆ ಎಲ್ಲಿ ತೊಡಕಿದೆಯೆಂಬುದನ್ನು ಸರಿಯಾಗಿ ಗುರುತಿಸಿದ್ದರು. ಅಂದಿನ ತೊಡಕು ಪಟ್ಟಣದಲ್ಲಿ ತಂಗಲು ಜಾಗ, ಎರಡು ಹೊತ್ತಿನ ಊಟ. ಅದಕ್ಕಾಗಿ ಬೋರ್ಡಿಂಗುಗಳು ಎದ್ದವು. ಇಂದಿನ ತೊಡಕು ಸ್ಥಳ ಬದಲಿಸಿದೆ, ದಾನದ ಪದ್ಧತಿ ಬದಲಾಗಿಲ್ಲ. ಸಮಾಜದ ಬಹುತೇಕ ಟ್ರಸ್ಟುಗಳು ವಿದ್ಯಾರ್ಥಿವೇತನದ ಅರ್ಜಿ ಕರೆಯುವುದು ಜುಲೈ, ಆಗಸ್ಟಿನಲ್ಲಿ. ಕಾಲೇಜಿನ ಪ್ರವೇಶಪತ್ರವನ್ನೂ ಶುಲ್ಕದ ರಸೀದಿಯನ್ನೂ ಲಗತ್ತಿಸಬೇಕೆಂಬುದು ಷರತ್ತು. ಅಂದರೆ ಬಾಗಿಲು ದಾಟಿ ಒಳಹೋದವರಿಗೆ ನೆರವು. ಬಾಗಿಲಲ್ಲೇ ನಿಂತು ಹಿಂದಿರುಗಿದವರ ಹೆಸರು ಯಾವ ಟ್ರಸ್ಟಿನ ಕಡತದಲ್ಲೂ ಇರುವುದಿಲ್ಲ. ಎರಡನೆಯ ಬಾರಿ ಜೆಇಇ ಬರೆಯದೆ ಉಳಿದ ಹುಡುಗ, ಅಡ್ವಾನ್ಸ್‌ಡ್‌ಗೆ ಅರ್ಹತೆ ಪಡೆದೂ ಅರ್ಜಿ ಹಾಕದವನು, ಬೆಂಗಳೂರಿಗೆ ಹೋಗಿಬರುವ ಖರ್ಚಿಗೆ ಹಿಂಜರಿದು ಸಿಇಟಿ ಬಿಟ್ಟ ಹುಡುಗಿ – ಇವರು ನೆರವು ಕೇಳುವ ಹಂತಕ್ಕೇ ಬಂದಿರುವುದಿಲ್ಲ.

ಪಂಚಕಲ್ಯಾಣದ ಸವಾಲಿನಲ್ಲಿ ಒಂದು ಕಲಶಕ್ಕೆ ಕೂಗುವ ಮೊತ್ತದಲ್ಲಿ ಒಂದು ನಗರದ ಎಲ್ಲ ಬಡ ಅಭ್ಯರ್ಥಿಗಳ ಅರ್ಜಿ ಶುಲ್ಕ ತೀರೀತು. ಕಲಶ ಬೇಡವೆಂದು ಇದರ ಅರ್ಥವಲ್ಲ; ಶಾಸ್ತ್ರದಾನವನ್ನು ಆಹಾರ, ಅಭಯ, ಔಷಧಗಳ ಸಾಲಿನಲ್ಲಿಟ್ಟ ಪರಂಪರೆ ಈ ಹೋಲಿಕೆಯಿಂದ ನೊಂದುಕೊಳ್ಳಬೇಕಾಗಿಯೂ ಇಲ್ಲ. ಬೇಕಾದದ್ದು ದೊಡ್ಡ ನಿಧಿಯಲ್ಲ, ಸರಿಯಾದ ತಿಂಗಳು. ಜೆಇಇ ಮೇನ್‌ನ ಮೊದಲ ಸುತ್ತಿನ ಅರ್ಜಿ ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ ಪ್ರಾರಂಭವಾಗುತ್ತದೆ; ನೀಟ್, ಸಿಯುಇಟಿಗಳದ್ದು ಫೆಬ್ರವರಿ, ಮಾರ್ಚಿನ ಹೊತ್ತಿಗೆ. ಟ್ರಸ್ಟಿನ ವಿದ್ಯಾರ್ಥಿವೇತನ ಸಮಿತಿ ಅಕ್ಟೋಬರಿನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಸೇರಬೇಕು. ರಸೀದಿ ತಂದ ಮೇಲೆ ಹಣ ಎನ್ನದೆ, ಶುಲ್ಕವನ್ನು ನೇರವಾಗಿ ತಾನೇ ಕಟ್ಟಬೇಕು. ಪರೀಕ್ಷೆಗೆ ಬರುವ ಹೊರನಾಡ ಮಕ್ಕಳಿಗೂ ಅವರೊಂದಿಗೆ ಬಂದ ಹಿರಿಯರಿಗೂ ಬೆಂಗಳೂರು, ಬೆಳಗಾವಿ, ಹುಬ್ಬಳ್ಳಿಗಳ ಜೈನ ವಸತಿನಿಲಯಗಳು, ಧರ್ಮಶಾಲೆಗಳು ಆ ಮೂರು ನಾಲ್ಕು ದಿನ ಕೋಣೆ ಕಾದಿರಿಸಬಹುದು. ಸಿಇಟಿಯ ದಿನಾಂಕ ತಿಂಗಳುಗಳ ಮೊದಲೇ ಪ್ರಕಟವಾಗುತ್ತದೆ.